ಮೀನುಸಾರಿಗೆ ಹುಣಸೆ

ಆಲಪ್ಪುಳದ ದೋಣಿಕಟ್ಟೆಯಲ್ಲಿ ಸರಸಮ್ಮ ಟೀಚರ್ ಸಂಜೆಯ ಬೋಟಿಗೆ ಕಾಯುತ್ತಿದ್ದರು. ಪಕ್ಕದ ಬೆಂಚಿನಲ್ಲಿ ನಡುವಯಸ್ಸಿನ ಹೆಂಗಸೊಬ್ಬಳು ಕುಳಿತಿದ್ದಳು. ಅವಳ ತಮ್ಮ ಕೆಲಸ ಮುಗಿಸಿ ಓಡೋಡಿ ಬಂದ. ಅವರ ಮಾತು ಟೀಚರ್ ಕಿವಿಗೆ ಬೀಳುತ್ತಿತ್ತು.

“ಅಮ್ಮಚ್ಚಿನ ನೋಡೋಕೆ ಒಳಗೆ ಬಿಟ್ರಾ ಚೇಚಿ?”

“ಎಲ್ಲಿ ಬಿಡ್ತಾರೋ ಕುರಿಯಚ್ಚ? ವೃದ್ಧಾಶ್ರಮಕ್ಕೆಲ್ಲ ಜ್ವರ ಹರಡಿದೆ. ಅಮ್ಮನ್ನ ಬೇರೆ ಕೋಣೇಲಿ ಒಬ್ಬಳನ್ನೇ ಇಟ್ಟಿದಾರೆ. ಕಿಟಕಿ ಆಚೆ ನಿಂತು ಮಾತಾಡಿಸಿದೆ.”

“ಮಾತಾಡಿದ್ಲಾ?”

“ನಾಲ್ಕು ದಿನದಿಂದ ತುಟಿ ಬಿಚ್ಚಿಲ್ಲ, ಊಟಾನೂ ಮುಟ್ಟಿಲ್ಲ ಅಂದ್ರು. ನಂಗೂ ಏನೂ ತೋಚಲಿಲ್ಲ. ಮೀನುಸಾರಿಗೆ ಹುಣಸೆಹಣ್ಣು ಹಾಕಿದೆ ಅಂದೆ.”

“ಅಯ್ಯೋ, ಅಮ್ಮ ಮೀನಿಗೆ ಹಾಕೋ ಕುಡಂಪುಳಿ ಬಿಟ್ಟು?”

“ಫಟ್ ಅಂತ ಕಣ್ಣು ಬಿಟ್ಟಳು! ‘ನಿಂಗೆ ಕಲಿಸಿದ್ದು ಹೊಳೇಲಿ ಹುಣಸೆಹಣ್ಣು ತೊಳೆದಂಗಾಯ್ತು’ ಅಂತ ಶುರು ಮಾಡಿದ್ಲು ನೋಡು.”

“ನಾವು ಚಿಕ್ಕೋರಿದ್ದಾಗ ಸೌಟು ಹಿಡ್ಕೊಂಡು ಅಂಗಳದ ತುಂಬ ಓಡಿಸ್ತಿದ್ಲು.”

“ಆಮೇಲೆ ಕರೆದು, ಬಿಸಿ ಸಾರು ಊದಿ ಊದಿ ಅಂಗೈಗೆ ಹಾಕ್ತಿದ್ಲು.”

ಅಕ್ಕ ಚೀಲ ಎತ್ತಿ ಮಡಿಲಿಗಿಟ್ಟುಕೊಂಡಳು.

“ಇವತ್ತೂ ಬೈದು ಬೈದು ಹಸಿವಾಗಿ, ಗಂಜಿ ಕೇಳಿದ್ಲು ಕಣೋ. ಒಂದು ಬಟ್ಟಲು ಕುಡಿದ್ಲು.”

ಬೋಟು ಬಂತು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು.

“ನಾಳೆ ನಾನು ಹೋಗ್ತೀನಿ ಚೇಚಿ.”

“ಹೋಗಿ ಏನು ಹೇಳ್ತೀಯ?”

“ಬಾತುಕೋಳಿ ಸಾರಿಗೆ ಸಕ್ಕರೆ ಹಾಕಿದೆ ಅಂತ.”

ನಗುತ್ತ ಇಬ್ಬರೂ ಬೋಟು ಹತ್ತಿದರು.