ಬೋರ್ಡಿನಲ್ಲಿ ಉಳಿದ ಹೆಸರು

ಮೇಡಂ ಅಂತ ಎಂತಕ್ಕೆ ಕರೀತಿ ಮಾರಾಯ್ತಿ? ನಾಲ್ಕು ವರ್ಷ ಪರಮಕ್ಕ ಪರಮಕ್ಕ ಅಂತ ನನ್ನ ಹಿಂದೆ ಮುಂದೆ ತಿರುಗಿದವಳು... ಆಯ್ತು, ಬಿಡು. ಹೇಗೆ ಬೇಕಾದ್ರೂ ಕರಿ. ಇಲ್ಲ, ಚಾ ಬೇಡ. ಮಡಂತ್ಯಾರಿನಲ್ಲಿ ಬಸ್ಸಿಳಿದು ಅಲ್ಲೇ ಹೋಟೆಲಿನಲ್ಲಿ ಕುಡಿದೆ. ಶಾಲೆಯವರ ರಾಶಿ ಉಂಟಲ್ಲ, ನೀನು ಜೆರಾಕ್ಸ್ ಮಾಡ್ತಾ ಇರು. ನಾನು ಈ ಸ್ಟೂಲಿನಲ್ಲಿ ಕೂತ್ಕೊಂಡು ಹೇಳ್ತೇನೆ. ನಿನ್ನ ಧಣಿ ಶುಕೂರ್ ಕಾಕ ಅಂಗಡಿಗೆ ಎಷ್ಟು ಹೊತ್ತಿಗೆ ಬರ್ತಾರೆ?... ಸರಿ, ಹೇಳ್ಬೇಡ.

ತಪ್ಪು ಸಿಕ್ಕಿತು, ಫಾಹಿಮಾ.

ಕೇಳಿತಾ? ಆ ರಕ್ತದ ಬೋರ್ಡಿನ ತಪ್ಪು. ನಿಂದಲ್ಲ ಅದು. ನೀನು ಬರೆದದ್ದರಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ. ನಾನು ಅದನ್ನು ಇನ್ನೊಂದು ಕಂಪ್ಯೂಟರ್ ಭಾಷೆಗೆ ಇಳಿಸಿದ್ದರಲ್ಲಿ ಇದ್ದದ್ದು. ನಂದೇ... ಖುಷಿ ಆಗ್ಬೇಕಿತ್ತಲ್ಲ ನಿಂಗೆ! ಬಸ್ಸಿನಲ್ಲಿ ಬರ್ತಾ ಎಣಿಸಿದ್ದೆ, ಇವಳು ಒಂದೋ ಬೊಬ್ಬೆ ಹಾಕ್ತಾಳೆ, ಒಂದೋ ಅಳ್ತಾಳೆ ಅಂತ. ನೀನು ನೋಡಿದ್ರೆ ಹಾಳೆ ತಿರುಗಿಸ್ತಾ ಇದ್ದಿ.

ಇರ್ಲಿ, ಕೇಳು. ನಿನ್ನ ಪ್ರೋಗ್ರಾಮ್ ಲೈಬ್ರರಿಯ ಕೆಲಸ ಎಂತ? ಒಂದು ಕಡೆ ಬದಲಾದ್ರೆ, ಅದನ್ನು ನಂಬಿ ಕೂತ ಎಲ್ಲ ಕಡೆಗೂ ಸುದ್ದಿ ತಾನಾಗಿ ಮುಟ್ಟಬೇಕು. ಅಷ್ಟೇ ಅಲ್ಲವಾ? ನರ್ಸು ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಹೆಸರು ಹಾಕಿದ್ರೆ ಬಿ.ಸಿ.ರೋಡಿನ ಮೆಡಿಕಲ್ ಶಾಪಿನ ಬೋರ್ಡಿನಲ್ಲಿ ಬರ್ಬೇಕು, ಇಂಥವರಿಗೆ ರಕ್ತ ಬೇಕು ಅಂತ. ತೆಗೆದ್ರೆ ಹೋಗ್ಬೇಕು. ನೀನು ಸ್ಕೀಮ್ ಭಾಷೆಯಲ್ಲಿ ಬರೆದಿದ್ದಿ. ಆಸ್ಪತ್ರೆಯ ಮೆಷಿನಿಗೆ ಕಾಮನ್ ಲಿಸ್ಪ್ ಆಗ್ಬೇಕಿತ್ತು. ನಮ್ಮ ಎಚ್‌ಒಡಿ ಉದಯಶಂಕರ ಸರ್ ನನ್ನ ಹತ್ರ ಇಳಿಸ್ಲಿಕ್ಕೆ ಹೇಳಿದ್ರು. ಎರಡೂ ಲಿಸ್ಪಿನ ಜಾತಿಯೇ, ಒಂದು ಬಂಟ್ವಾಳದ ತುಳು, ಇನ್ನೊಂದು ಉಡುಪಿಯ ತುಳು, ಇದರಲ್ಲೆಂತ ದೊಡ್ಡದುಂಟು ಅಂತ ನಾವಿಬ್ಬರೂ ನಗಾಡಿದ್ದೆವು. ನಾನು ಸಾಲಿಗೆ ಸಾಲು ಇಳಿಸಿದೆ.

ಪಟ್ಟಿಯಲ್ಲಿ ಮೂರು ಹೆಸರಿದ್ದದ್ದು ಎರಡಾದ್ರೆ ಬೋರ್ಡಿಗೆ ಗೊತ್ತಾಗ್ತದೆ. ಎರಡಿದ್ದದ್ದು ಒಂದಾದ್ರೂ ಗೊತ್ತಾಗ್ತದೆ. ಆ ಒಂದೂ ಹೋಗಿ ಖಾಲಿಯಾದ್ರೆ ಮಾತ್ರ ಗೊತ್ತಾಗುದಿಲ್ಲ! ನಿನ್ನ ಸ್ಕೀಮಿಗೆ ಖಾಲಿ ಡಬ್ಬಿ ಅಂದ್ರೆ ಡಬ್ಬಿ ಉಂಟು, ಒಳಗೆ ಏನಿಲ್ಲ. ನನ್ನದಕ್ಕೆ ಖಾಲಿ ಡಬ್ಬಿ ಅಂದ್ರೆ ಡಬ್ಬಿಯೇ ಇಲ್ಲ. ಹೊಸ ಸುದ್ದಿ ಉಂಟಾ ಅಂತ ಕೇಳಿದ್ರೆ, ಇಲ್ಲ ಅಂತದೆ. ಮತ್ತೆ ಬೋರ್ಡಿಗೆ ಹೇಳುವವರು ಯಾರು? ಹಳೇ ಹೆಸರು ಹಾಗೇ ಮಿಣಿಮಿಣಿ ಮಾಡ್ತಾ ಕೂತದ್ದು.

ನಮಗೆ ಎಂತಕ್ಕೆ ಸಿಗ್ಲಿಲ್ಲ ಹೇಳು ನೋಡುವ? ತುಕ್ರಪ್ಪ! ನಮ್ಮ ಲ್ಯಾಬಿನ ಪ್ಯೂನ್ ತುಕ್ರಪ್ಪ. ಪರೀಕ್ಷೆಗೆ ಅಂತ ನಿನ್ನ ಹೆಸರು, ನನ್ನ ಹೆಸರು, ಅವನ ಹೆಸರು ಹಾಕ್ತಿದ್ದದ್ದು. ನಮ್ಮದನ್ನು ತೆಗೀತಿದ್ದೆವು. ಅವಂದು ತೆಗೀಲಿಕ್ಕೆ ಹೋದ್ರೆ, 'ಬೇಡ ಮೇಡಂ, ಆಸ್ಪತ್ರೆಯ ಪಟ್ಟಿಯಿಂದ ಹೆಸರು ಹಾರಿಸಿದ್ರೆ ಒಳ್ಳೇದಲ್ಲ, ಮನೆಯಲ್ಲಿ ಸಣ್ಣ ಮಕ್ಕಳುಂಟು' ಅಂತ ಕೈ ಮುಗೀತಿದ್ದ. ಪಾಪ ಅಂತ ಬಿಟ್ಟೆವು. ಆರು ತಿಂಗಳು ಪರೀಕ್ಷೆ ಮಾಡಿದೆವು, ಒಂದು ದಿನವೂ ಆ ಪಟ್ಟಿ ಖಾಲಿಯಾಗ್ಲಿಲ್ಲ.

ನಗು ಬಂತಾ? ಇಲ್ಲವಾ. ನಂಗೂ ಬರುದಿಲ್ಲ ಈಗ.

ಆ ಡೊಂಬಯ್ಯ... ಅವನ ಹೆಂಡತಿ ನೀಲಾವತಿ ಬೆಳಿಗ್ಗೆ ಆರಕ್ಕೆ ತೀರಿಹೋದ್ರು. ನರ್ಸು ಹೆಸರು ತೆಗೆದ್ಲು. ಪಟ್ಟಿಯಲ್ಲಿ ಅವರೊಬ್ಬರೇ ಇದ್ದದ್ದು. ಇವ ರಕ್ತ ಕೊಡುವವರನ್ನು ಕರ್ಕೊಂಡು ಬರ್ಲಿಕ್ಕೆ ಕನ್ಯಾನಕ್ಕೆ ಹೋಗಿದ್ದ. ಇಬ್ಬರನ್ನು ಕರ್ಕೊಂಡು ಬಿ.ಸಿ.ರೋಡಿನಲ್ಲಿ ಇಳಿದ, ಬೋರ್ಡು ನೋಡಿದ, ಹೆಸರುಂಟು. ಅವರನ್ನು ಆಸ್ಪತ್ರೆಗೆ ಅಟ್ಟಿ ತಾನು ಇನ್ನಿಬ್ಬರನ್ನು ಹುಡುಕ್ಲಿಕ್ಕೆ ಓಡಿದ. ಮತ್ತೆ ಬಂದ, ನೋಡಿದ, ಹೆಸರುಂಟು. ಮತ್ತೆ ಓಡಿದ. ಮಧ್ಯಾಹ್ನ ಎರಡು ಗಂಟೆವರೆಗೆ! ಕೈಯಲ್ಲಿ ಫೋನ್ ಸಹ ಇರ್ಲಿಲ್ಲ ಅವನಿಗೆ. 'ಬೋರ್ಡಿನಲ್ಲಿ ಹೆಸರುಂಟಲ್ಲ, ಹಾಗಾದ್ರೆ ಜೀವ ಉಂಟು ಅಂತ ಎಣಿಸಿದೆ' ಅಂತ ಕಾಲೇಜಿನ ಮೀಟಿಂಗಿನಲ್ಲಿ ಹೇಳಿದ, ನೆನಪುಂಟಾ? ಅಷ್ಟೇ ಹೇಳಿದ. ಬೈಲಿಲ್ಲ ಸಹ.

ನಂಗೆ ಆಗ ಏನೂ ಆಗ್ಲಿಲ್ಲ, ಫಾಹಿಮಾ. ಈಗ್ಲೂ ಏನೂ ಆಗುದಿಲ್ಲ. ಹಲ್ಲು ಕೀಳಿಸಿಕೊಂಡ ಮೇಲೆ ಕೆನ್ನೆ ಇರ್ತದಲ್ಲ, ಹಾಗೆ ಆಗಿದ್ದೇನೆ. ಮುಟ್ಟಿದ್ರೆ ಬೇರೆ ಯಾರದ್ದೋ ಅಂತ ಅನಿಸ್ತದೆ. ಊಟ ಮಾಡ್ತೇನೆ. ಪಾಠ ಮಾಡ್ತೇನೆ. ನಿನ್ನನ್ನು ಕೆಲಸದಿಂದ ತೆಗೆದ ದಿನ ನಿನ್ನ ಉಮ್ಮ ಬೀಯಮ್ಮ ಮನೆಗೆ ಫೋನ್ ಮಾಡಿದ್ರು, ಮೂರು ಸಲ. ಎತ್ಲಿಲ್ಲ. ಅಲ್ಲೇ ಪಕ್ಕದಲ್ಲಿ ಕೂತು ಬಟಾಟೆ ಹೆಚ್ಚಿದೆ. ಬಸ್ಸಿನಲ್ಲಿ ನಿನ್ನನ್ನು 'ರಕ್ತದ ಬೋರ್ಡಿನ ಹುಡುಗಿ' ಅಂತ ತೋರಿಸ್ತಾರಂತೆ... ಅದು ಸಹ ಕೇಳಿದೆ. ಅಳು ಬರ್ಬೇಕಿತ್ತು. ಬರ್ಲಿಲ್ಲ.

ಇಗೊ, ಈ ಕಾಗದ ನೋಡು. ಸೋಮವಾರ ಆಸ್ಪತ್ರೆಯವರು, ಡೊಂಬಯ್ಯ, ಎಲ್ಲ ಮತ್ತೆ ಕಾಲೇಜಿಗೆ ಬರ್ತಾರೆ. ಉದಯಶಂಕರ ಸರಿಗೆ ಕೊಡ್ಲಿಕ್ಕೆ ಬರೆದದ್ದು ಇದು. ತಪ್ಪು ಪರಮೇಶ್ವರಿಯದ್ದು, ಫಾಹಿಮಾಳದ್ದಲ್ಲ ಅಂತ ಸ್ಪಷ್ಟ ಬರೆದಿದ್ದೇನೆ. 'ನಿನ್ನೆ, ಆಗಸ್ಟ್ ಇಪ್ಪತ್ತೇಳರಂದು, ಇಬ್ಬರೂ ಕೂತು ಪರೀಕ್ಷಿಸಿದಾಗ ಪತ್ತೆಯಾಯಿತು.' ಕೆಳಗೆ ನಿಂದೊಂದು ಸಹಿ. ಆಯ್ತು, ಮುಗೀತು! ನಿನ್ನನ್ನು ವಾಪಸ್ ತಗೊಳ್ತಾರೆ. ನಂಗೆ ಒಂದು ಮೆಮೊ ಕೊಡಬಹುದು, ಕೊಡ್ಲಿ. ತಪ್ಪು ಯಾರಿಗಾದ್ರೂ ಆಗ್ತದೆ, ಸಿಕ್ಕಿದ ಕೂಡ್ಲೇ ಹೇಳಿದ್ದಾಳೆ ಅಂತ ಬಿಡ್ತಾರೆ. ತಗೋ ಪೆನ್ನು.

ಎಂತ, ಮೆಷಿನ್ ಎಂತಕ್ಕೆ ನಿಲ್ಲಿಸಿದ್ದಿ?

ಓದು, ಓದು. ಓದಿಯೇ ಹಾಕು... ಆ ಸಾಲಿನಲ್ಲೇ ಎಂತಕ್ಕೆ ಬೆರಳಿಟ್ಟಿದ್ದಿ? ತಾರೀಕಾ? ಹೌದು, ನಿನ್ನೆ ನೀನು ಈ ಅಂಗಡಿಯಲ್ಲಿದ್ದಿ, ಗೊತ್ತುಂಟು. ಕಾಗದದಲ್ಲಿ ಹಾಗೆಲ್ಲ ಬರೆಯುದೇ ಮಾರಾಯ್ತಿ. ಇಬ್ಬರೂ ಸೇರಿ ಅಂದ್ರೆ ಚಂದ ಅಲ್ಲವಾ... ನೋಡ್ಬೇಡ ಹಾಗೆ. ಬೆರಳು ತೆಗಿ. ಸರಿ, ನಿನ್ನೆ ಅಲ್ಲ. ಕಳೆದ ವಾರ. ಕಳೆದ ವಾರ ಸಿಕ್ಕಿದ್ದು. ಹೇಳ್ಲಿಕ್ಕೆ ಪುರುಸೊತ್ತಾಗ್ಲಿಲ್ಲ, ಇಂಟರ್ನಲ್ಸ್ ಇತ್ತು...

ನೋಡು! ನೀನು ಬೆರಳಿಟ್ಟದ್ದಷ್ಟೇ. ಕುಂಬಳಕಾಯಿ ಕಳ್ಳ ಅಂತ ಯಾರೂ ಹೇಳದೆ ನಾನೇ ಹೆಗಲು ಮುಟ್ಟಿ ನೋಡ್ಕೊಳ್ತಾ ಇದ್ದೇನೆ.

ಆಗಸ್ಟ್ ಹನ್ನೊಂದು. ಆಯ್ತಾ? ಮೀಟಿಂಗಿನ ದಿನವೇ. ಬೆಳಿಗ್ಗೆ ಒಂಬತ್ತೂವರೆಗೆ, ಲ್ಯಾಬಿನಲ್ಲಿ. ತುಕ್ರಪ್ಪ ರಜೆಯಲ್ಲಿದ್ದ, ಬೇಡ ಅನ್ಲಿಕ್ಕೆ ಯಾರಿಲ್ಲ. ಎಲ್ಲ ಹೆಸರು ತೆಗೆದೆ, ಅವಂದು ಸಹ. ಪಟ್ಟಿ ಖಾಲಿ. ಪರೀಕ್ಷೆಯ ಬೋರ್ಡಿನಲ್ಲಿ 'ತುಕ್ರಪ್ಪ' ಅಂತ ಹಾಗೇ ಉಂಟು. ಎರಡು ಸಲ ಮಾಡಿದೆ. ಮೂರು ಸಲ ಮಾಡಿದೆ. ಯಾವ ಸಾಲು ಅಂತ ಹತ್ತು ನಿಮಿಷದಲ್ಲಿ ಸಿಕ್ಕಿತು. ಚೀಟಿಯಲ್ಲಿ ಬರ್ಕೊಂಡೆ. ಮೀಟಿಂಗ್ ಹನ್ನೊಂದಕ್ಕೆ. ಹೇಳ್ಬೇಕು ಅಂತಲೇ ಇದ್ದದ್ದು, ದೇವರಾಣೆ! ಆದ್ರೆ ಕೆಲಸ ಕಾಯಂ ಆಗ್ಲಿಕ್ಕೆ ಎರಡು ತಿಂಗಳು ಬಾಕಿ. ಮೂವತ್ತಾರು ವರ್ಷ ನಂಗೆ. ಹೆದರಿದೆ. ಮತ್ತೆ ಎಂತ ಹೇಳ್ಲಿ? ಹೆದರಿದೆ.

ಈಗ ಬೈ. ಎಂತಾದ್ರೂ ಬೈ...

ನಿಂಗೆ ಆಶ್ಚರ್ಯ ಆಗ್ಲಿಲ್ಲ. ಆಗ ಖಾಲಿ ಡಬ್ಬಿಯ ವಿಷಯ ಹೇಳುವಾಗಲೂ ನಿನ್ನ ಕೈ ನಿಲ್ಲಲಿಲ್ಲ. ಮೊದಲಾದ್ರೆ 'ಯಾವ ಸಾಲು, ತೋರಿಸಿ ಪರಮಕ್ಕ' ಅಂತ ಮೇಲೆಯೇ ಬೀಳ್ತಿದ್ದಿ. ಗೊತ್ತಿತ್ತಲ್ಲ ನಿಂಗೆ? ಎಷ್ಟು ಗೊತ್ತಿತ್ತು?... ನಾನು ಇವತ್ತು ಬಂದದ್ದೇ ಅದನ್ನು ನೋಡ್ಲಿಕ್ಕೆ. ಸಹಿಗೆ ಅಂತ ಹೇಳಿದ್ದು ಪೊಕ್ಕಡೆ, ಸುಮ್ಮನೆ ಒಂದು ನೆಪ. ಸೋಮವಾರ ನೀನು ಬಾಯಿ ಬಿಡ್ತೀಯಾ ಇಲ್ಲವಾ ಅಂತ ನೋಡ್ಲಿಕ್ಕೆ ಬಂದದ್ದು.

ಅವತ್ತು ಬೆಳಿಗ್ಗೆ ಲ್ಯಾಬಿನಿಂದ ಹೊರಗೆ ಬರುವಾಗ ಬಾಗಿಲಲ್ಲಿ ಎರಡು ಜೋಡಿ ಚಪ್ಪಲಿ ಇತ್ತು. ಧೂಳಾಗ್ತದೆ ಅಂತ ಹೊರಗೆ ಬಿಟ್ಟು ಹೋಗುದಲ್ಲವಾ ನಾವು. ಒಂದು ನಂದು. ಇನ್ನೊಂದು ನಿಂದು, ಆ ನೀಲಿ ಪಟ್ಟಿಯದ್ದು. ನೀನು ಒಳಗೆ ಇದ್ದಿ, ಹಿಂದಿನ ಸಾಲಿನಲ್ಲಿ ಎಲ್ಲೋ. ಎಲ್ಲ ನೋಡಿದ್ದಿ. ನಾನು ತಿರುಗಿ ಒಳಗೆ ಹೋಗ್ಲಿಲ್ಲ. ನನ್ನ ಚಪ್ಪಲಿ ಹಾಕ್ಕೊಂಡು ಮೀಟಿಂಗಿಗೆ ನಡೆದೆ.

ಉದಯಶಂಕರ ಸರ್ ಕೇಳಿದ್ರು, ಯಾರ ತಪ್ಪು ಅಂತ. ನೀನೇ ಎದ್ದು ನಿಂತಿ. 'ಪರಮಕ್ಕನ ಕೆಲಸ ಶುದ್ಧ ಇರ್ತದೆ ಸರ್, ತಪ್ಪಿದ್ರೆ ನನ್ನದರಲ್ಲೇ ಇರ್ಬೇಕು' ಅಂತ ಹೇಳಿದ್ದಿ. ಹೇಳಿ ಕೂತುಕೊಳ್ಲಿಲ್ಲ ನೀನು. ನನ್ನನ್ನೇ ನೋಡ್ತಾ ನಿಂತಿದ್ದಿ. ಎಲ್ಲರೂ ನೋಡ್ತಾ ಇದ್ರು, ಡೊಂಬಯ್ಯ ಸಹ. ಆ ಮೇಲೆ ಊರಿಗೆಲ್ಲ ನಾನು ಹೇಳ್ಕೊಂಡು ಬಂದದ್ದು ಎಂತ ಗೊತ್ತುಂಟಾ? ಅವಳೇ ಒಪ್ಪಿಕೊಂಡ್ಲು, ನಾನೆಂತ ಮಾಡ್ಲಿ ಅಂತ.

ಒಪ್ಪಿಕೊಂಡದ್ದಲ್ಲ ಅದು. ನಾನು ಏಳ್ಲಿ ಅಂತ ನೀನು ಕಾಯ್ತಾ ಇದ್ದದ್ದು. ಆಗಲೇ ಗೊತ್ತಿತ್ತು ನಂಗೆ, ಫಾಹಿಮಾ. ಗೊತ್ತಿದ್ದೇ ನಾನು ಗ್ಲಾಸು ಎತ್ತಿ ನೀರು ಕುಡಿದೆ.