ಮಗ್ಗದ ಖೋಲ್ಯಾಗಿನ ನೆಟ್

...ನೋಡಕ್ಕಾ, ನೀನ ನೋಡು, ಮುಳ್ಳು ಏಳವಲ್ದು! ನಾ ಏನರೆ ಸುಳ್ಳು ಹೇಳಾಕತ್ತೇನೇನು? ನೆಟ್ಟಿನ ಸ್ಪೀಡ್ ತೋರಸೂ ಆಪ್ ಇದು, ನನ್ನ ಮಗಳು ಪ್ರೀತಿ ಹಾಕಿಕೊಟ್ಟಾಳ. ಇದಕ್ಕ ನನ್ನ ಮುಲಾಜೂ ಇಲ್ಲ, ನಿನ್ನ ಮುಲಾಜೂ ಇಲ್ಲ. ಅರ್ಧ ಎಂಬಿ... ಒಂದು... ಮತ್ತ ಅರ್ಧ. ಸತ್ತಂಗ ಬಿದ್ದೈತಿ. ಇದರಾಗ ವಿಡಿಯೋ ಕಾಲ್ ಹೆಂಗ ಹತ್ತತೈತಿ, ಹೇಳು?

ಹಂಗ ನೋಡಬ್ಯಾಡಬೇ. ಬಂದಾಗಿಂದ ನೋಡಾಕತ್ತೇನಿ, ಅವ್ವನ ಮಣ್ಣ ಮಾಡಿ ಬಂದ್ರೂ ನಿನ್ನ ಬಾಯಾಗ ಒಂದ ಮಾತಿಲ್ಲ. ಒಂದ ಹನಿ ಕಣ್ಣೀರಿಲ್ಲ. ಮಂದಿ ಏನಂತಾರ? ಇಚಲಕರಂಜಿಯಿಂದ ಮಗಳು ಬಂದ್ಲು, ತಮ್ಮಗ ಮಾರಿಗೊಟ್ಟು ಮಾತಾಡಲಿಲ್ಲ ಅಂತಾರ. ಬೈಯಾಂಗಿದ್ರ ಬೈ! ಬಾಯಿಗೆ ಬಂದಂಗ ಬೈ, ನಿಂತು ಕೇಳತೇನಿ.

ನಿನ್ನ ಸಿಟ್ಟು ನನಗ ಗೊತ್ತೈತಿ. ಕಾಲ ಮುರಕೊಂಡು, ಪ್ಲಾಸ್ಟರ್ ಹಾಕಿಸಿಕೊಂಡು ಅಲ್ಲೆ ಬಿದ್ದಿದ್ದಿ. ದಿನಾ ಸಂಜಿಕ ಫೋನ್ ಮಾಡಿ, "ಗಿರಿಮಲ್ಲಾ, ಒಂದ ಸಲ ಅವ್ವನ ಮಾರಿ ತೋರಸೋ" ಅಂತಿದ್ದಿ. ನಾ ಒಲ್ಲೆ ಅಂದ್ನ್ಯಾ? ಹಚ್ಚತಿದ್ನಿ! ಹಚ್ಚಿದ್ರ ಗರಾಗರಾ ತಿರಗತಿತ್ತು... ಕಟ್ ಆಗತಿತ್ತು. "ಅವ್ವ ಅರಾಮ ಅದಾಳ, ಗಂಜಿ ಕುಡದಾಳ, ನೆಟ್ ಇಲ್ಲಕ್ಕಾ" ಅಂತ ಹೇಳತಿದ್ನಿ. ಅಷ್ಟ. ಇದರಾಗ ನನ್ನ ತಪ್ಪೇನು? ಅಜ್ಜನ ಕಾಲದ ಮನಿ ಇದು. ಗ್ವಾಡಿ ನೋಡು, ಎಷ್ಟ ದಪ್ಪ ಮಣ್ಣಿನ ಗ್ವಾಡಿ. ಅವ್ವ ಇಲ್ಲೇ ಮಲಗತಿದ್ಲು, ಈ ಪಡಸಾಲ್ಯಾಗ, ಈ ಹೊರಸಿನ ಮ್ಯಾಲ. ಇಲ್ಲೆ ನೆಟ್ ಬರಂಗಿಲ್ಲ. ಮುಗೀತು.

ಏನ ಮುಟ್ಟಿ ಮುಟ್ಟಿ ನೋಡತಿ? ಗಾದಿನಾ? ಹೂಂ, ಹೊಸಾದು. ಹಳೇದು ಒಗದ್ವಿ. ಪ್ರೀತಿನ್ನ ನೋಡಾಕ ಮುಧೋಳದವರು ಬರತಿದ್ರಲ್ಲ, ಬೀಗರು ಕುಂದರಾಕ ಛಲೋ ಗಾದಿ ಬ್ಯಾಡೇನು? ಅವ್ವ... ಅವ್ವ ಆಗ ಎಲ್ಲಿದ್ಲು ಅಂದ್ರ... ಇಲ್ಲೇ ಇದ್ಲಬೇ, ಬಾಜೂಕ! ಒಂದ ಮನ್ಯಾಗ ಎಲ್ಲಿ ಹೋಗತಾಳ?

ಎಲ್ಲಿ ಹೊಂಟಿ ಕೋಲ ಹಿಡಕೊಂಡು? ಆ ಕಡೆ ಬ್ಯಾಡಕ್ಕಾ, ಮಗ್ಗದ ಖೋಲಿ ಅದು. ಅಲ್ಲೇನೈತಿ ನೋಡಾಕ? ಅವ್ವ ಹೋಗ್ಯಾಳಂತ ಮಗ್ಗ ಬಂದ್ ಇಟ್ಟೇನಿ, ಬರೇ ನೂಲಿನ ಧೂಳ ಐತಿ... ಹೊಸ್ತಿಲ ಹುಷಾರು! ಫೋನ್ ಯಾಕ ಕಸಗೊಂಡಿ? ಏ, ಕೊಡಿಲ್ಲೆ. ಆ ಸ್ಪೀಡ್ ಆಪ್ ಮತ್ತ ಒತ್ತಿದ್ಯಾ? ಇಲ್ಲೆ ಒತ್ತಬ್ಯಾಡಬೇ, ಇಲ್ಲೆ ಯಾಕ...

ಹತ್ತು. ಇಪ್ಪತ್ತು. ಅರವತ್ತು... ನಿಂದ್ರವಲ್ದಲ್ಲ ಇದು.

ಯಾಕ ನಗತಿ? ನಗಬ್ಯಾಡಕ್ಕಾ, ಆ ನಗಿ ನೋಡಿದ್ರ ಹೆದರಿಕಿ ಬರತೈತಿ ನನಗ. ಕೊಡು ಫೋನ್... ಹಾಂ, ಇದು ನನ್ನ ಕೈಯಾಗ ಇರಲಿ. ಕೇಳಿಲ್ಲೆ, ಈಗ ಮಗ್ಗ ನಿಂತಾವಲ್ಲ, ಅದಕ್ಕ ಮುಳ್ಳು ಏರೇತಿ. ಮಗ್ಗ ಚಾಲೂ ಆದ್ರ ನೆಟ್ ಎಲ್ಲಾ ಹೀರಿಬಿಡತಾವ. ಖರೇನ! ಬನಹಟ್ಟ್ಯಾಗ ಯಾರನ್ನರ ಕೇಳು! ...ಆತು, ಕಿಡಕ್ಯಾಗಿಂದ ಟವರ್ ಕಾಣತೈತಿ. ಕಾಣಲಿ. ಟವರ್ ಕಂಡ್ರ ಏನಾತು? ಅವ್ವ ಇಲ್ಲೆ ಇದ್ದಿದ್ದಿಲ್ಲಲ್ಲಾ! ಇಲ್ಲೆ ಯಾರರ ಮುದುಕ್ಯಾರನ್ನ ಮಲಗಸ್ತಾರೇನು? ಹೊತ್ತ ಹೊಂಟಾಗಿಂದ ಹೊತ್ತ ಮುಳಗೂತನಕ ಖಟಾ ಖಟಾ ಖಟಾ ಅಂತಿರತಾವ, ಕಿವಿ ಕಿತ್ತ ಹೋಗತಾವ...

ಆ ಚಾಪಿನಾ? ನಾ ಮಧ್ಯಾಹ್ನ ಅಡ್ಡ ಆಗತೇನಿ. ವಿಭೂತಿ ಗಟ್ಟಿ? ನಂದ. ಸೀರಿ... ಅದು ರಾಜೇಶ್ವರಿದು, ನನ್ನ ಹೇಣ್ತಿ ಮಗ್ಗ ಒರಸಾಕ ಇಟ್ಟಾಳ... ಅದನ್ನ ಯಾಕ ಎದಿಗೆ ಒತ್ತಿಕೊಳ್ಳತಿ? ಬಿಡಬೇ. ಬಿಡಂದ್ರ!

ಹೂಂ! ಇಲ್ಲೆ ಮಲಗಿಸಿದ್ವಿ! ಮಲಗಿಸಿದ್ವಿ, ಏನೀಗ? ಬೆನ್ನ ತುಂಬ ಹುಣ್ಣಾಗಿದ್ದು, ವಾಸನಿ ಹೊಡೀತಿತ್ತು. ಮುಧೋಳದವರು ಪಡಸಾಲಿಗೆ ಬಂದು ಮೂಗ ಮುಚ್ಚಿಕೊಂಡ್ರ ನನ್ನ ಮಗಳ ಗತಿ ಏನು? ಅವತ್ತ ಒಂದ ದಿನಕ್ಕಂತ ಇಟ್ಟಿದ್ವಿ, ಖರೇನ ಒಂದ ದಿನಕ್ಕ. ಅವರು ಮತ್ತೊಮ್ಮಿ ಹಿರೇರನ್ನ ಕರಕೊಂಡು ಬರತೇವಿ ಅಂದ್ರು... ಹಂಗ ಉಳೀತು. ನಿನಗ ಹೆಂಗ ತೋರಸಲಿ? ತೋರಿಸಿದ್ರ ಪ್ಲಾಸ್ಟರ್ ಕಾಲೀಲೆ ತೆವಳಕೋತ ಬರತಿದ್ದಿ. ನನ್ನ ಮಾನ ಓಣ್ಯಾಗ ಹರಾಜ ಹಾಕತಿದ್ದಿ. ಅದಕ್ಕ ನೆಟ್ ಇಲ್ಲಂದ್ನಿ.

ಆದ್ರ ನೋಡಿಕೊಂಡೇವಿ! ಛಲೋತ್ನ್ಯಾಗ ನೋಡಿಕೊಂಡೇವಿ. ಗಂಜಿ, ನೀರು, ಎಲ್ಲಾ ಹೊತ್ತಿಗೆ ಸರಿಯಾಗಿ. ಸಾಯೂ ಮುಂದ ನಾನ ಬಾಯಾಗ ನೀರ ಬಿಟ್ಟೇನಿ. ನನ್ನ ತೊಡಿ ಮ್ಯಾಲ ಜೀವ ಬಿಟ್ಲು. "ದಾನವ್ವಗ ಹೇಳಪಾ" ಅಂದ್ಲು, ನಿನ್ನ ಹೆಸರ ಹಿಡದು ಅಂದ್ಲು. ಅವ್ವನ ಆಣಿ.

ಅಲ್ಲೇ ಚಾಪಿ ಮ್ಯಾಲ ಕುಂತ್ಯಾ? ಏಳಕ್ಕಾ, ಕಾಲ ನೋವಾದೀತು... ಥೂ, ಇದೊಂದ ಫೋನ್ ಬಡಕೋತೈತಿ. ವಿಡಿಯೋ ಕಾಲ್. ಯಾರು... ನೀನ! ಎದುರಿಗೆ ಕುಂತು ಫೋನ್ ಹಚ್ಚತಿಯಲ್ಲ, ತಲಿ ಕೆಟ್ಟೈತೇನು ನಿಂದು? ತಗೋ, ಎತ್ತಿದ್ನಿ. ಹೂಂ, ಕಾಣಾಕತ್ತಿ. ಸ್ವಚ್ಛ ಕಾಣಾಕತ್ತಿ. ಸಮಾಧಾನ ಆತಿಲ್ಲೋ? ಸಾಕು, ಬಂದ್ ಮಾಡು.

ಅದೇನ ತೋರಸಾಕತ್ತಿ? ಕ್ಯಾಮೆರಾ ತಿರವಬ್ಯಾಡ. ಗ್ವಾಡಿ... ಬರೇ ಗ್ವಾಡಿ, ಸುಣ್ಣ ಉದರೇತಿ. ಕೆಳಗ... ತಾಟು. ಅವ್ವ ಉಣ್ಣೂ ತಾಟು. ಅಂಚೆಲ್ಲಾ ನಗ್ಗಿದ್ದು... ಅದು ಬಿದ್ದು ನಗ್ಗೇತಿ. ಬಿದ್ದಿರಬೇಕು... ದೂರ ಹಿಡಿಯಬೇ, ಅಷ್ಟ ಹತ್ತಿರ ತೋರಸಬ್ಯಾಡ!

ಕೇಳಕ್ಕಾ. ಏನರೆ ಒಂದ ಕೇಳು. ನೀ ಕೇಳಿದ್ರ ನಾ ಏನರೆ ಹೇಳತೇನಿ... ಹಿಂಗ ಸುಮ್ಮನ ಕುಂತರ ನಾ ಏನ ಹೇಳಲಿ?

ಆಕಿ ಬಾಯಿ ಬಿದ್ದಿತ್ತು. ಮಾತ ಹೊಂಡತಿದ್ದಿಲ್ಲ. ನಾನ ತಾಟ ಕೊಟ್ಟಿದ್ನಿ, "ನೀರು ಬೇಕಂದ್ರ ಗ್ವಾಡಿಗೆ ಬಡಿ, ಬರತೇನಿ ಯವ್ವಾ" ಅಂತ. ಬಡಿಯಾಕಿ... ಮಗ್ಗದ ಸಪ್ಪಳದಾಗ ಕೇಳತಿದ್ದಿಲ್ಲಬೇ! ನಾ ಇಲ್ಲೇ ಇದ್ನಿ. ಇದ ಖೋಲ್ಯಾಗ, ಆ ಮಗ್ಗದ ಮುಂದ, ಆಕಿಗೆ ಬೆನ್ನ ಮಾಡಿ. ಆ ಕಡೀ ದಿನ ಕರೆಂಟ್ ಹೋತು. ಮಗ್ಗ ಎಲ್ಲಾ ಒಮ್ಮೆಲೆ ನಿಂತ್ವು. ತಾಟಿನ ಸಪ್ಪಳ ಬರತೈತೇನಂತ ನಿಂತ ಕೇಳಿದ್ನಿ.

ಬರಲಿಲ್ಲಕ್ಕಾ.