ನಿಮಿಷಕ್ಕೆ ಎಷ್ಟು ಹನಿ

ಎಪ್ಪತ್ತೊಂಬತ್ತರ ಮಾತು. ರಾತ್ರಿ ಹತ್ತೂವರೆಗೆ ನಮ್ಮ ಸೋದರತ್ತೆಯ ಮಗ ತಿಪ್ಪೇಶಪ್ಪ ಡ್ಯೂಟಿ ಮುಗಿಸಿ ಮನೆಗೆ ಹೊರಟಿದ್ದ. ಜಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸು. ಕೈಯಲ್ಲಿ ಮಾವ ಕೊಟ್ಟ ವಾಚು, ತಲೆ ತುಂಬ ಜಂಬ. ದಾರಿಯಲ್ಲೊಂದು ಪಾಳುಬಾವಿ. ಹತ್ತು ವರ್ಷದಿಂದ ಅದರಲ್ಲಿ ತೊಟ್ಟು ನೀರಿಲ್ಲ. ಆದರೂ ಒಳಗಿಂದ ಸದ್ದು… ತೊಟಕ್… ತೊಟಕ್…

ಅದೇ ರಾತ್ರಿ ಒಂಬತ್ತಕ್ಕೆ ಏನಾಗಿತ್ತೆಂದರೆ, ಉಬ್ಬಸದ ಮುದುಕಿ ಉಡಚಮ್ಮನಿಗೆ ಈ ಮಹಾಶಯ ಡ್ರಿಪ್ ಹಾಕಿದ್ದ. ಔಷಧ ನಿಮಿಷಕ್ಕೆ ಒಂದೇ ಮಿಲಿ ಹೋಗಬೇಕು. ಸಣ್ಣ ಹನಿಯ ನಳಿಕೆಯಲ್ಲಿ ಅರವತ್ತು ಹನಿಗೆ ಒಂದು ಮಿಲಿ. ದಪ್ಪ ಹನಿಯದರಲ್ಲಿ ಹದಿನೈದಕ್ಕೇ. ಸಣ್ಣದು ಮುಗಿದಿತ್ತು, ದಪ್ಪದ್ದು ಸಿಕ್ಕಿಸಿದ. ಹನಿ ಮಾತ್ರ ನಿನ್ನೆಯಂತೆ ಅರವತ್ತೇ ಬಿಟ್ಟ.

ಹೊಸ ನರ್ಸ್ ಖಮರುನ್ನೀಸಾ ಮೆಲ್ಲಗೆ ಹೇಳಿದಳು.

"ಅಣ್ಣಾ, ನಳಿಕೆ ಬ್ಯಾರೆ ಐತೆ. ಹದಿನೈದು ಬಿಡ್ರಿ. ನಾಕು ಪಟ್ಟು ಹೋದ್ರೆ ಮುದುಕಿ ಎದೆ ತಡಿಯಲ್ಲ."

"ನಂಗೆ ಕಲ್ಸಾಕೆ ಬರಬ್ಯಾಡ" ಅಂದು ಅವಳನ್ನು ಹೆರಿಗೆ ಕೋಣೆಗೆ ಅಟ್ಟಿದ.

ಈಗ ಬಾವಿಯ ಹತ್ತಿರ ನಿಂತು, ಅಭ್ಯಾಸಬಲ ನೋಡಿ, ವಾಚು ಹಿಡಿದು ಎಣಿಸಿದ. ಅರವತ್ತು.

"ಎಷ್ಟಪ್ಪಾ…?" ಒಳಗಿಂದ ಸುಂಯ್ ಸುಂಯ್ ಅನ್ನುವ ಉಬ್ಬಸದ ದನಿ. ಉಡಚಮ್ಮನದೇ.

"ಅ… ಅರವತ್ತು."

"ಎಷ್ಟಿರಬೇಕಿತ್ತು?"

ಗೊತ್ತಿತ್ತು. ಓಡಿಹೋಗಿ ಹನಿ ತಗ್ಗಿಸಿದ್ದರೆ ಮುದುಕಿ ಉಳಿಯುತ್ತಿದ್ದಳೋ ಏನೋ, ಆಸ್ಪತ್ರೆ ಕೂಗಿದರೆ ಕೇಳುವಷ್ಟು ಹತ್ತಿರ. ಆದರೆ ನಿನ್ನೆ ಮೊನ್ನೆ ಬಂದ ಹುಡುಗಿಯ ಮಾತು ಸರಿಯಾಗಿಬಿಡುತ್ತಲ್ಲ! ಮನೆ ಕಡೆ ಓಡಿದ. ಬೆನ್ನ ಹಿಂದೆ ತೊಟಕ್… ತೊಟಕ್… ನಿಧಾನವಾಯಿತು. ನಿಂತಿತು. ಹೋಗಿ ಕಂಬಳಿ ಹೊದ್ದು ಮಲಗಿದ. ಥೂ, ಇವನೂ ಒಬ್ಬ ಗಂಡಸು.

ಹೆರಿಗೆ ಮುಗಿಸಿ ಬಂದ ಖಮರುನ್ನೀಸಾ ನೋಡುವಾಗ ಉಡಚಮ್ಮನ ಮೈ ತಣ್ಣಗಾಗಿತ್ತು. ಬೆಳಿಗ್ಗೆ ಇವನು ಚಾರ್ಟಿನಲ್ಲಿ ಅರವತ್ತನ್ನು ಕೆರೆದು ಹದಿನೈದು ಅಂತ ತಿದ್ದಿದ. ಮಹಾಶಯನಿಗೆ ಲೆಕ್ಕ ಬಂದದ್ದು ಆಗ.

ಆವತ್ತಿನಿಂದ ಅವನ ವಾಚಿನ ಸೆಕೆಂಡ್ ಮುಳ್ಳು ನಿಮಿಷಕ್ಕೆ ಹದಿನೈದೇ ಗೆರೆ ದಾಟುತ್ತೆ. ವಾಚು ರಿಪೇರಿಯ ಸುಬಾನಸಾಬ ಮೂರು ಸಲ ಬಿಚ್ಚಿ ನೋಡಿ, ಏನೂ ಕೆಟ್ಟಿಲ್ಲ ಅಂತ ವಾಪಸ್ ಕೊಟ್ಟ. ಸುಳ್ಳಲ್ಲ… ನಾನೇ ಕಟ್ಟಿಕೊಂಡು ನೋಡಿದ್ದೀನಿ. ನನ್ನ ಕೈಯಲ್ಲಿ ಸರಿಯಾಗಿ ಅರವತ್ತು.